ಆರು ವರ್ಷದ ಮಗುವಿಗೆ ಟೆಲಿಸ್ಕೋಪ್: ಬಳ್ಳಾರಿಯ ಮಾಳಿಗೆಗೆ ಹೊಂದುವುದು ಯಾವುದು?

ಮಗುವಿಗೆ ಟೆಲಿಸ್ಕೋಪ್ ಕೊಡಿಸಲು ಹೊರಟವರು ಮೊದಲು ಕೇಳುವುದು ‘ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ?’ ಅಂತ. ಐದರಿಂದ ಎಂಟು ವರ್ಷದ ಮಗುವಿನ ಮಟ್ಟಿಗೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಐಪೀಸಿಗೆ (ಕಣ್ಣಿಟ್ಟು ನೋಡುವ ಕಡೆಯ ಚಿಕ್ಕ ಲೆನ್ಸು) ಮಗುವಿನ ಕಣ್ಣು ಎಟಕುತ್ತದೆಯೇ, ಕೈ ತಗುಲಿದರೆ ಕೊಳವೆ ಎಷ್ಟು ಹೊತ್ತು ಅಲುಗಾಡುತ್ತದೆ, ಹುಡುಕಿ ಹಿಡಿದ ಗ್ರಹ ಎಷ್ಟು ನಿಮಿಷ ಒಳಗೇ ನಿಲ್ಲುತ್ತದೆ – ಇವು ಸರಿಯಿದ್ದರೆ 15 ಪಟ್ಟು ಸಾಕು, ಇಲ್ಲದಿದ್ದರೆ 150 ಪಟ್ಟೂ ದಂಡ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಡೆಯವರು ಇನ್ನೆರಡನ್ನು ಸೇರಿಸಿಕೊಳ್ಳಬೇಕು: ಧೂಳು ಮತ್ತು ಕಾದ ಮಾಳಿಗೆ.

ಎರಡು–ಮೂರು ಸಾವಿರಕ್ಕೆ ಸಿಗುವ 50 ಮಿ.ಮೀ. ಆಟಿಕೆ ಟೆಲಿಸ್ಕೋಪಿನ ಮಾತು ಮೊದಲೇ ಮುಗಿಸಿಬಿಡೋಣ. ಅದು ಬೇಡ. ಮುಂದಿನ ಲೆನ್ಸ್ ಎಷ್ಟು ಮಿ.ಮೀ. ಅಗಲವಿದೆಯೋ ಅದರ ಎರಡರಷ್ಟು ಪಟ್ಟಿನವರೆಗೆ ಮಾತ್ರ ಚಿತ್ರವನ್ನು ಹಿಗ್ಗಿಸಿ ಪ್ರಯೋಜನ, 50 ಮಿ.ಮೀ.ಗೆ 100 ಪಟ್ಟು ತುದಿ, ಅದೂ ಗಾಜು ಚೆನ್ನಾಗಿದ್ದರೆ. ಅದರಾಚೆ ಪೆಟ್ಟಿಗೆಯ ಮೇಲೆ ಏನೇ ಬರೆದಿದ್ದರೂ ಮಸುಕೇ ದೊಡ್ಡದಾಗುತ್ತದೆ. ಅಂಗಡಿಯಲ್ಲಿ ಕೈಗೆ ಸಿಕ್ಕರೆ ಮುಂದಿನಿಂದ ಕೊಳವೆಯೊಳಗೆ ಇಣುಕಿ ನೋಡಿ. ಲೆನ್ಸಿನ ಹಿಂದೆ ಸಣ್ಣ ತೂತಿನ ಕಪ್ಪು ಪ್ಲಾಸ್ಟಿಕ್ ಬಿಲ್ಲೆ ಕಂಡರೆ 50 ಅನ್ನುವುದು ಹೆಸರಿಗಷ್ಟೇ, ಬೆಳಕು ಬರುವುದು ಆ ತೂತಿನಷ್ಟೇ. ಕೆಟ್ಟ ಲೆನ್ಸಿನ ಅಂಚು ಮುಚ್ಚಲು ಮಾಡುವ ಉಪಾಯ ಅದು. ಜೊತೆಗೆ ಬರುವ ಅಡಿಯೆತ್ತರದ ಸ್ಟ್ಯಾಂಡು ಗಾಳಿ ಬೀಸಿದರೂ ನಡುಗುತ್ತದೆ.

ಆರು ವರ್ಷದೊಳಗಿನ ಮಗುವಿಗೆ ಮೊದಲ ಆಯ್ಕೆ 7×35 ಬೈನಾಕ್ಯುಲರ್. 7 ಅಂದರೆ ಪಟ್ಟು, 35 ಅಂದರೆ ಲೆನ್ಸಿನ ಅಗಲ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 5 ಮಿ.ಮೀ.; ಕಣ್ಣಿಗೆ ಬಂದು ಸೇರುವ ಬೆಳಕಿನ ಕಂಬಿಯ ದಪ್ಪ ಅದು. ಕಣ್ಣು ಸ್ವಲ್ಪ ಅತ್ತಿತ್ತ ಸರಿದರೂ ಚಿತ್ರ ಮಾಯವಾಗುವುದಿಲ್ಲ. ಜೇಬಿಗೆ ಹಿಡಿಸುವ 8×21ರಲ್ಲಿ ಇದು 2.6 ಮಿ.ಮೀ.ಗೆ ಇಳಿಯುತ್ತದೆ, ಹಾಗಾಗಿ ಹಗಲಿಗೆ ಪರವಾಗಿಲ್ಲ, ರಾತ್ರಿಗೆ ಮಂಕು. 10×50ರಲ್ಲಿ ನಕ್ಷತ್ರ ಹೆಚ್ಚು ಕಾಣುವುದು ನಿಜ, ಆದರೆ ಮುಕ್ಕಾಲು ಕೆಜಿ ಮೇಲೆ ತೂಗುವ ಅದನ್ನು ಪುಟ್ಟ ಕೈಗಳು ಅರ್ಧ ನಿಮಿಷ ಹಿಡಿದರೆ ಹೆಚ್ಚು.

ಬೈನಾಕ್ಯುಲರ್ ಕೊಳ್ಳುವಾಗ ಯಾರೂ ನೋಡದ ಒಂದು ಅಳತೆ ಇದೆ. ಆ ವಯಸ್ಸಿನ ಮಕ್ಕಳ ಎರಡು ಪಾಪೆಗಳ ನಡುವಿನ ಅಂತರ ಸಾಮಾನ್ಯವಾಗಿ 50ರಿಂದ 55 ಮಿ.ಮೀ. ದೊಡ್ಡವರಿಗೆಂದು ಮಾಡಿದ ಎಷ್ಟೋ ಬೈನಾಕ್ಯುಲರ್‌ಗಳು ಪೂರ್ತಿ ಮಡಚಿದರೂ 56–57ಕ್ಕಿಂತ ಒಳಗೆ ಬರುವುದಿಲ್ಲ. ಆಗ ಮಗು ಒಂದೇ ಕಣ್ಣಲ್ಲಿ ನೋಡುತ್ತಿರುತ್ತದೆ, ‘ಕಾಣುತ್ತಾ?’ ಅಂದರೆ ‘ಹ್ಞೂಂ’ ಅನ್ನುತ್ತದೆ, ಮಾರನೆಯ ದಿನದಿಂದ ಮುಟ್ಟುವುದಿಲ್ಲ. ಶಾಲೆಯ ಸ್ಕೇಲು ತೆಗೆದುಕೊಂಡು ಮೂಗಿನ ಮೇಲೆ ಹಿಡಿದು ಮಗುವಿನ ಅಂತರ ಅಳೆಯಿರಿ. ಅಂಗಡಿಯಲ್ಲಿ ಬೈನಾಕ್ಯುಲರನ್ನು ಪೂರ್ತಿ ಮಡಚಿ, ಎರಡು ಐಪೀಸಿನ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆಯಿರಿ. ಆನ್‌ಲೈನಿನಲ್ಲಾದರೆ ವಿವರಪಟ್ಟಿಯಲ್ಲಿ ಈ ಅಂಕಿ ಹುಡುಕಿ. ಮಗು ನೋಡುವಾಗ ಕಾಣುವುದು ಒಂದು ದುಂಡು ಚಿತ್ರವೋ ಎರಡೋ ಅಂತ ಕೇಳಿದರೂ ಗೊತ್ತಾಗುತ್ತದೆ.

ದೂರದ ಟವರಿನ ಕೆಂಪು ದೀಪಕ್ಕೆ ನೀವೇ ಫೋಕಸ್ ಮಾಡಿ ಚಕ್ರದ ಮೇಲೆ ಒಂದು ತುಂಡು ಟೇಪು ಅಂಟಿಸಿಬಿಡಿ. ಮಾಳಿಗೆ ಮೇಲೆ ಜಮಖಾನ ಹಾಸಿ ಮಲಗಿಸಿ, ಎರಡೂ ಮೊಣಕೈ ಕೆಳಗೆ ದಿಂಬು ಕೊಡಿ. ಬರಿಗಣ್ಣಿಗೆ ಆರೇಳು ಚುಕ್ಕೆಯಾಗಿರುವ ಕೃತ್ತಿಕೆ ಒಂದು ಹಿಡಿ ನಕ್ಷತ್ರವಾಗುತ್ತದೆ. ಮಹಾವ್ಯಾಧನ (ಒರಾಯನ್) ನಡುಪಟ್ಟಿಯ ಮೂರು ಚುಕ್ಕೆಯ ಕೆಳಗೆ ಹೊಗೆಯಂಥದೊಂದು ಕಾಣುತ್ತದೆ, ಅದು ನೆಬ್ಯುಲಾ, ಅನಿಲ–ಧೂಳಿನ ಮೋಡ. ಮೇ ತಿಂಗಳಲ್ಲಿ ದಕ್ಷಿಣಕ್ಕೆ ತಿರುಗಿದರೆ ನೆಲದಿಂದ 27 ಡಿಗ್ರಿ ಎತ್ತರದಲ್ಲಿ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ಮಸುಕು ಉಂಡೆಯಾಗಿ ಸಿಗುತ್ತದೆ. ಉತ್ತರದ ದೇಶಗಳವರಿಗೆ ಇಲ್ಲದ ಭಾಗ್ಯ ಇದು. ಅದೇ ಬೈನಾಕ್ಯುಲರ್ ದರೋಜಿ ಕರಡಿಧಾಮಕ್ಕೆ ಹೋದಾಗಲೂ ಕೊರಳಲ್ಲಿರುತ್ತದೆ. ಟೆಲಿಸ್ಕೋಪಿಗೆ ಈ ಗುಣ ಇಲ್ಲ.

ಆರು ದಾಟಿದ ಮಗುವಿಗೆ ಟೆಲಿಸ್ಕೋಪೇ ಬೇಕು ಅಂದರೆ, ಮೇಜಿನ ಮೇಲಿಡುವ 76 ಮಿ.ಮೀ. ಕನ್ನಡಿಯ ಮಾದರಿ ತೆಗೆದುಕೊಳ್ಳಿ. ಇದರಲ್ಲಿ ಹೆಚ್ಚು ಹೆಸರಾದದ್ದು ಸೆಲೆಸ್ಟ್ರಾನ್ ಫಸ್ಟ್‌ಸ್ಕೋಪ್. 2009ರ ಅಂತರರಾಷ್ಟ್ರೀಯ ಖಗೋಳ ವರ್ಷದ ಹೊತ್ತಿಗೆ ಬಂದದ್ದು, ಕೊಳವೆಯ ಸುತ್ತ ಖಗೋಳ ವಿಜ್ಞಾನಿಗಳ ಹೆಸರುಗಳನ್ನು ಅಚ್ಚು ಹಾಕಿದ್ದಾರೆ. ಫೋಕಲ್ ಉದ್ದ (ಕನ್ನಡಿಯಿಂದ ಚಿತ್ರ ಮೂಡುವ ಜಾಗದವರೆಗಿನ ದೂರ) 300 ಮಿ.ಮೀ., ಒಟ್ಟು ತೂಕ ಎರಡು ಕೆಜಿ ಆಸುಪಾಸು. ಟ್ರೈಪಾಡ್ ಇಲ್ಲ, ಜೋಡಣೆ ಇಲ್ಲ. ಪೆಟ್ಟಿಗೆಯಿಂದ ತೆಗೆದು ಇಟ್ಟರೆ ಆಯಿತು. ಒಂದು ತೋಳಿನ ಮೇಲೆ ಕೂತ ಕೊಳವೆಯನ್ನು ಮಗು ತಾನೇ ತಳ್ಳಿ ತಿರುಗಿಸಬಹುದು. ನಮ್ಮ ಮೆಚ್ಚುಗೆ ಇರುವುದು ಇದಕ್ಕೇ.

ಇದರ ಜೊತೆ 20 ಮಿ.ಮೀ. ಮತ್ತು 4 ಮಿ.ಮೀ. ಐಪೀಸ್ ಕೊಡುತ್ತಾರೆ. ಫೋಕಲ್ ಉದ್ದ 300ನ್ನು ಐಪೀಸಿನ 20ರಿಂದ ಭಾಗಿಸಿ: 15 ಪಟ್ಟು. ಆಗ ಕಾಣುವ ಆಕಾಶ ಸುಮಾರು 3 ಡಿಗ್ರಿ, ಅಂದರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲ. ಕೃತ್ತಿಕೆ ಪೂರ್ತಿ ಹಿಡಿಸುತ್ತದೆ. ಆಕಾಶ ಗಂಟೆಗೆ 15 ಡಿಗ್ರಿ ಸರಿಯುವುದರಿಂದ ನಡುವೆ ಹಿಡಿದ ವಸ್ತು ಐದಾರು ನಿಮಿಷ ಒಳಗೇ ಇರುತ್ತದೆ. ಮಗು ಬಂದು, ಕಣ್ಣಿಟ್ಟು, ಪಕ್ಕದ ಮನೆಯವರನ್ನೂ ಕರೆದು ತೋರಿಸುವಷ್ಟು ಸಮಯ. ಫೈಂಡರ್ (ಗುರಿ ಹಿಡಿಯಲು ಕೊಳವೆಯ ಮೇಲೆ ಕೂರಿಸುವ ಪುಟ್ಟ ದುರ್ಬೀನು) ಇಲ್ಲದಿದ್ದರೂ ಕೊಳವೆಯ ಬೆನ್ನ ಮೇಲಿಂದ ಗುರಿಯಿಟ್ಟರೆ ಚಂದ್ರ ಸಿಕ್ಕೇ ಸಿಗುತ್ತದೆ. 4 ಮಿ.ಮೀ. ಐಪೀಸು ಮಾತ್ರ ಬರೀ ನಿರಾಸೆ. 75 ಪಟ್ಟು ಅನ್ನುವುದು ಲೆಕ್ಕಕ್ಕೆ ಸರಿ, ಆದರೆ ಇಷ್ಟು ಗಿಡ್ಡ ಗೋಳಾಕಾರದ ಕನ್ನಡಿ ಅಷ್ಟು ಹಿಗ್ಗಿಸಿದಾಗ ಅಂಚು ಹರಿತವಾಗಿ ಬರುವುದಿಲ್ಲ, ಐಪೀಸಿನ ತೂತೂ ಸೂಜಿಮೊನೆಯಷ್ಟು. ಅದನ್ನು ಡ್ರಾಯರಿನಲ್ಲಿಟ್ಟು ಪ್ಲಾಸಲ್ ಎಂಬ ಬಗೆಯ 10 ಮಿ.ಮೀ. ಐಪೀಸ್ ಒಂದನ್ನು ಬೇರೆಯಾಗಿ ಕೊಳ್ಳಿ. 30 ಪಟ್ಟಿನಲ್ಲಿ ಗುರುವಿನ ನಾಲ್ಕು ಚಂದ್ರರು ಸಾಲಾಗಿ ನಿಲ್ಲುತ್ತವೆ. ‘ಪಕ್ಕದಲ್ಲಿ ಎಷ್ಟು ಚುಕ್ಕೆ ಇವೆ?’ ಅಂತ ಕೇಳಿ, ಮಗು ನಿಜಕ್ಕೂ ನೋಡುತ್ತಿದೆಯೋ ಇಲ್ಲವೋ ಆಗ ತಿಳಿಯುತ್ತದೆ. ಶನಿಯ ವಿಷಯದಲ್ಲಿ ಆಸೆ ಹುಟ್ಟಿಸಬೇಡಿ. 2025ರ ಮಾರ್ಚ್‌ನಲ್ಲಿ ಅದರ ಬಳೆ ಅಂಚನ್ನು ನಮ್ಮ ಕಡೆ ತಿರುಗಿಸಿತ್ತು, ಈಗ ನಿಧಾನಕ್ಕೆ ತೆರೆದುಕೊಳ್ಳುತ್ತಿದೆ.

ಚಂದ್ರನಿಗೆ ಶುಕ್ಲ ಚೌತಿಯಿಂದ ದಶಮಿವರೆಗೆ ಒಳ್ಳೆಯ ದಿನಗಳು. ಬೆಳಕು–ಕತ್ತಲೆ ಸೇರುವ ಗೆರೆಯ ಮೇಲೆ ಕುಳಿಗಳ ನೆರಳು ಉದ್ದ ಬೀಳುತ್ತದೆ. ಹುಣ್ಣಿಮೆಗೆ ನೆರಳೇ ಇಲ್ಲ, ಕಣ್ಣು ಕುಕ್ಕುತ್ತದೆ ಅಷ್ಟೆ.

ಮೇಜಿನ ಮಾದರಿಯ ತೊಂದರೆ ಮೇಜೇ. ಪ್ಲಾಸ್ಟಿಕ್ ಸ್ಟೂಲಿನ ಮೇಲಿಟ್ಟರೆ ಮಗು ಕಣ್ಣಿಟ್ಟ ಕೂಡಲೇ ಎಲ್ಲ ಕುಣಿಯುತ್ತದೆ. ಮಾಳಿಗೆಯ ಮೋಟುಗೋಡೆಯ ಮೇಲಂತೂ ಇಡಲೇಬಾರದು. ಮಗು ಗೋಡೆ ಹತ್ತುತ್ತದೆ. ಮನೆ ಕಟ್ಟುವಾಗ ಉಳಿದ ಎಂಟಿಂಚಿನ ಸಿಮೆಂಟ್ ಬ್ಲಾಕ್ ಎರಡನ್ನು ಒಂದರ ಮೇಲೊಂದು ಇಟ್ಟು, ಮೇಲೆ ಅಡಿ ಚೌಕದ ಕಡಪ ಕಲ್ಲು ಹಾಕಿದರೆ ಸುಮಾರು 40 ಸೆಂ.ಮೀ. ಎತ್ತರದ ಅಲುಗದ ಪೀಠ ಸಿದ್ಧ. ಮಗು ಪಕ್ಕದಲ್ಲಿ ನಿಂತೋ ಮಂಡಿಯೂರಿಯೋ ನೋಡಬಹುದು. ಫೋಕಸಿನ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಇಂಥ ಗಿಡ್ಡ ಕೊಳವೆಯಲ್ಲಿ ಚಿತ್ರ ದಾಟಿಹೋಗುತ್ತದೆ, ಆದ್ದರಿಂದ ಅದು ದೊಡ್ಡವರ ಕೆಲಸ. ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡುವುದನ್ನು ಮಗುವಿಗೆ ಮೊದಲ ದಿನವೇ ಅಭ್ಯಾಸ ಮಾಡಿಸಿ.

ಇನ್ನು ಬಿಸಿಲೂರಿನ ಪಾಡು. ಏಪ್ರಿಲ್–ಮೇನಲ್ಲಿ ಹಗಲೆಲ್ಲ 40 ಡಿಗ್ರಿಯಲ್ಲಿ ಕಾದ ಆರ್‌ಸಿಸಿ ಮಾಳಿಗೆ ರಾತ್ರಿ ಹತ್ತು–ಹನ್ನೊಂದರವರೆಗೂ ಶಾಖ ಬಿಡುತ್ತಲೇ ಇರುತ್ತದೆ. ಐಪೀಸಿನಲ್ಲಿ ಚಂದ್ರನ ಅಂಚು ಕಾದ ಹೆಂಚಿನ ಮೇಲಿನ ಗಾಳಿಯ ಹಾಗೆ ತಳಮಳಿಸುತ್ತದೆ, ಕುಳಿಗಳು ಒಮ್ಮೆ ಮೂಡಿ ಮತ್ತೆ ಕರಗುತ್ತವೆ. ಟೆಲಿಸ್ಕೋಪ್ ಕೆಟ್ಟಿದೆ ಅಂತ ಹಿಂದಿರುಗಿಸಿದವರಲ್ಲಿ ಎಷ್ಟು ಮಂದಿಗೆ ಮಾಳಿಗೆ ಕೈಕೊಟ್ಟಿತ್ತೋ. ಸಂಜೆ ಹೇಗೂ ನೀರು ಹೊಡೆದು ಮಾಳಿಗೆ ತಂಪು ಮಾಡುವವರು ಸ್ವಲ್ಪ ಬೇಗ ಹೊಡೆದು, ಪೂರ್ತಿ ಆರಿದ ಮೇಲೆ ಉಪಕರಣ ಹತ್ತಿಸಿ. ಅಂಗಳದ ಮಣ್ಣುನೆಲ, ಹಳೆಯ ಮಣ್ಣಿನ ಮಾಳಿಗೆ ಇದ್ದರೆ ಇನ್ನೂ ಮೇಲು. ಎದುರು ಮನೆಯ ಎಸಿ ಯಂತ್ರದ ಮೇಲಿಂದ ಹಾಯಿಸಿ ನೋಡಬೇಡಿ. ದೀಪಾವಳಿಯಿಂದ ಶಿವರಾತ್ರಿವರೆಗೆ ಈ ಯಾವ ಕಾಟವೂ ಇಲ್ಲ, ಕೊಳ್ಳುವುದಿದ್ದರೆ ಆ ಹೊತ್ತಿಗೆ ಕೊಳ್ಳಿ. ಬಳ್ಳಾರಿ ಊರಿನಿಂದ ಪಶ್ಚಿಮಕ್ಕೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬೆಳಕು ಅಡ್ಡ ಬರುತ್ತದೆ. ಚಂದ್ರ, ಗ್ರಹಗಳಿಗೆ ಅದರಿಂದ ತೊಂದರೆಯಿಲ್ಲ, ನೆಬ್ಯುಲಾಗೆ ಮಾತ್ರ ಊರ ಹೊರಗೆ ಹೊಲದ ಕಡೆ ಹೋಗಬೇಕು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಾಲುವೆ ಸೀಮೆಯಲ್ಲಿ ಗದ್ದೆಯ ಹುಳುಗಳು ಬಿಳಿ ಟಾರ್ಚಿಗೆ ಮುತ್ತುತ್ತವೆ. ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಎರಡು ಸುತ್ತು ಕಟ್ಟಿದರೆ ಹುಳುವೂ ಕಡಿಮೆ, ಕತ್ತಲಿಗೆ ಹೊಂದಿದ ಕಣ್ಣೂ ಕೆಡುವುದಿಲ್ಲ.

ಎಂಟು ವರ್ಷ ದಾಟಿದವರಿಗೆ 70 ಮಿ.ಮೀ. ಲೆನ್ಸಿನ ಟ್ರೈಪಾಡ್ ಮಾದರಿಗಳು ಆಗುತ್ತವೆ. ಸೆಲೆಸ್ಟ್ರಾನ್ ಪವರ್‌ಸೀಕರ್ 70ಎಜೆಡ್‌ನ ಫೋಕಲ್ ಉದ್ದ 700 ಮಿ.ಮೀ.; 20 ಮಿ.ಮೀ. ಐಪೀಸಿನಲ್ಲಿ 35 ಪಟ್ಟು, ಇದು ಚೆಂದ. 4 ಮಿ.ಮೀ.ಯಲ್ಲಿ 175 ಪಟ್ಟು, 70 ಮಿ.ಮೀ. ಲೆನ್ಸಿನ 140ರ ಮಿತಿಯನ್ನು ಅದಾಗಲೇ ದಾಟಿತು. ಜೊತೆಗಿರುವ ಮೂರುಪಟ್ಟಿನ ಬಾರ್ಲೊ (ಐಪೀಸಿನ ಪಟ್ಟನ್ನು ಮೂರರಷ್ಟು ಮಾಡುವ ಲೆನ್ಸು) ಸೇರಿಸಿದರೆ 525, ಜಾಹೀರಾತಿಗೆ ಮಾತ್ರ ಬೇಕಾದದ್ದು. 175 ಪಟ್ಟಿನಲ್ಲಿ ಗ್ರಹ ಒಂದು ನಿಮಿಷದ ಆಸುಪಾಸಿನಲ್ಲಿ ಅಂಚು ದಾಟಿ ಹೊರಟುಹೋಗುತ್ತದೆ. ಆಸ್ಟ್ರೋಮಾಸ್ಟರ್ 70ಎಜೆಡ್‌ನ ಉದ್ದ 900, ಐಪೀಸು 20 ಮತ್ತು 10. 45, 90 ಪಟ್ಟು. ಎರಡರಲ್ಲಿ ಇದೇ ಒಳ್ಳೆಯದು, ಬೆಲೆಯೂ ಹೆಚ್ಚು. ಯಾವುದೇ ಇರಲಿ, ಟ್ರೈಪಾಡಿನ ಕಾಲುಗಳನ್ನು ಎಳೆಯಬೇಡಿ, ಗಿಡ್ಡವಾಗಿಯೇ ಬಿಡಿ. ನಡುವಿನ ತಟ್ಟೆಯಿಂದ ಎರಡು ಕೆಜಿ ಮರಳಿನ ಚೀಲ ತೂಗುಹಾಕಿ. ಕೊಳವೆಯನ್ನು ಬೆರಳಿಂದ ಒಮ್ಮೆ ತಟ್ಟಿ ಎಣಿಸಿ. ಮೂರು ಸೆಕೆಂಡಿನೊಳಗೆ ಚಿತ್ರ ನಿಂತರೆ ಸರಿ, ಐದು ದಾಟಿದರೆ ಮಗುವಿಗೆ ಅದು ಆಗಿಬರುವುದಿಲ್ಲ.

ಇಕ್ಯೂ (ಇಕ್ವಟೋರಿಯಲ್) ಎಂದು ಬರೆದಿರುವ, ತೂಕದ ಕಂಬಿ ನೇತಾಡುವ ಸ್ಟ್ಯಾಂಡು ತೆಗೆದುಕೊಳ್ಳಬೇಡಿ. ಅದನ್ನು ಧ್ರುವ ನಕ್ಷತ್ರಕ್ಕೆ ಹೊಂದಿಸಬೇಕು. ಬಳ್ಳಾರಿಯಲ್ಲಿ ಧ್ರುವ ಇರುವುದು ನೆಲದಿಂದ ಬರೀ 15 ಡಿಗ್ರಿ ಮೇಲೆ, ರಾಯಚೂರಿನಲ್ಲಿ 16. ಧೂಳು ಮತ್ತು ನೀರಿನ ಟ್ಯಾಂಕುಗಳ ಮರೆಯಲ್ಲಿ ಸಿಗುವುದೇ ಕಷ್ಟ. ಅಷ್ಟು ಕೆಳಗೆ ಬಾಗಿಸಿದರೆ ಅಗ್ಗದ ಸ್ಟ್ಯಾಂಡುಗಳಲ್ಲಿ ತೂಕದ ಕಂಬಿ ಟ್ರೈಪಾಡಿನ ಕಾಲಿಗೇ ಬಡಿಯುತ್ತದೆ.

ಸೂರ್ಯನ ವಿಷಯದಲ್ಲಿ ರಿಯಾಯಿತಿ ಇಲ್ಲ, ಇವುಗಳಲ್ಲಿ ಅದನ್ನು ನೋಡಲೇಬಾರದು. ಕೆಲವು ಅಗ್ಗದ ಕಿಟ್‌ಗಳಲ್ಲಿ ಐಪೀಸಿಗೆ ತಿರುಪುವ ಕಪ್ಪು ಗಾಜಿನ ‘ಸನ್ ಫಿಲ್ಟರ್’ ಇರುತ್ತದೆ. ಅದನ್ನು ಒಡೆದು ಕಸಕ್ಕೆ ಹಾಕಿ. ಲೆನ್ಸ್ ಒಟ್ಟುಗೂಡಿಸಿದ ಬಿಸಿಲು ಬೀಳುವ ಜಾಗದಲ್ಲಿ ಅದು ಕೂತಿರುತ್ತದೆ, ಕಾದು ಸೀಳಿದರೆ ಮರುಕ್ಷಣವೇ ಕಣ್ಣು ಹೋಗುತ್ತದೆ. ಕೆಲಸ ಮುಗಿದ ಮೇಲೆ ಟೆಲಿಸ್ಕೋಪಿನ ಮುಚ್ಚಳ, ಫೈಂಡರಿನ ಮುಚ್ಚಳ ಎರಡನ್ನೂ ಹಾಕಿ ಮಗುವಿನ ಕೈಗೆಟುಕದ ಕಡೆ ಇಡಿ.

ಗಣಿ ಧೂಳು ಗಟ್ಟಿ ಕಣ. ಬಟ್ಟೆಯಿಂದ ಒರೆಸಿದರೆ ಕನ್ನಡಿಯ ಲೇಪದ ಮೇಲೆ ಗೀರು ಬೀಳುವುದು ಖಚಿತ. ರಬ್ಬರ್ ಬ್ಲೋಯರ್‌ನಿಂದ ಊದಿ, ಬಾಯಿಂದ ಊದಬೇಡಿ; ಮೇಲೆ ಸ್ವಲ್ಪ ಧೂಳು ಉಳಿದರೂ ನೋಟಕ್ಕೆ ಏನೂ ಆಗುವುದಿಲ್ಲ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದಿದ್ದರೆ ಬೈನಾಕ್ಯುಲರಿನ ಒಳಗಾಜಿಗೆ ಬೂಷ್ಟು ಹಿಡಿಯುತ್ತದೆ.

ಪಾರ್ಸೆಲ್ ಬಂದ ದಿನವೇ ಪರೀಕ್ಷೆ ಮಾಡಿ. ಸೂರ್ಯ ಬೆನ್ನ ಹಿಂದೆ ಇರುವಾಗ ಬಳ್ಳಾರಿ ಗುಡ್ಡದ ಕೋಟೆಗೋಡೆಗೆ ತಿರುಗಿಸಿ. ಕೊಪ್ಪಳ, ರಾಯಚೂರಿನವರಿಗೂ ಅವರವರ ಕೋಟೆ ಇದೆ. 70 ಮಿ.ಮೀ. ಮಾದರಿಯಲ್ಲಿ 35 ಪಟ್ಟಿಗೆ ಗೋಡೆಯ ಕಲ್ಲುಗಳ ಸಂದು ಬಿಡಿಬಿಡಿಯಾಗಿ ಕಾಣಬೇಕು. ಅದೇ ಗೋಡೆಯ ತುದಿಗೆ ಫೈಂಡರನ್ನೂ ಹೊಂದಿಸಿಕೊಳ್ಳಿ, ರಾತ್ರಿ ಕತ್ತಲಲ್ಲಿ ಸ್ಕ್ರೂ ತಡಕುವ ಗೋಳು ತಪ್ಪುತ್ತದೆ. ಫಸ್ಟ್‌ಸ್ಕೋಪಿನಲ್ಲಿ ಕೋಟೆ ತಲೆಕೆಳಗಾಗಿ ಕಾಣುತ್ತದೆ, ಅದು ದೋಷವಲ್ಲ. ಐಪೀಸಿನ ಕೊಳವೆಯ ಅಗಲ 31.7 ಮಿ.ಮೀ. ಇದೆಯೇ ಅಳೆಯಿರಿ, 24.5 ಇದ್ದರೆ ಮುಂದೆ ಬೇರೆ ಐಪೀಸ್ ಹೊಂದುವುದು ಕಷ್ಟ. ರಾತ್ರಿ ಒಂದು ಪ್ರಕಾಶಮಾನ ನಕ್ಷತ್ರ ಹಿಡಿದು ಬೇಕೆಂದೇ ಫೋಕಸ್ ತಪ್ಪಿಸಿ. ಕನ್ನಡಿಯ ಮಾದರಿಯಲ್ಲಿ ಬೆಳಕಿನ ದುಂಡು ಬಿಲ್ಲೆ, ಅದರ ನಡುವೆ ಕಪ್ಪು ಚುಕ್ಕೆ ಕಾಣಬೇಕು. ಚುಕ್ಕೆ ಎದ್ದು ಕಾಣುವಷ್ಟು ಒಂದು ಪಕ್ಕಕ್ಕೆ ಸರಿದಿದ್ದರೆ ಕೊಳವೆಯ ಬಾಯಲ್ಲಿರುವ ಚಿಕ್ಕ ಕನ್ನಡಿಯ ಮೂರು ಸ್ಕ್ರೂಗಳನ್ನು ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸಿ ನೋಡಿ. ಬಿಲ್ಲೆಯೇ ಸೊಟ್ಟಗಿದ್ದರೆ ಕನ್ನಡಿ ಬಿಗಿಯಾಗಿ ಸಿಕ್ಕಿಕೊಂಡಿರಬಹುದು, ಬಿಚ್ಚಲು ಹೋಗದೆ ಹಿಂದಿರುಗಿಸುವ ಅವಧಿ ಮುಗಿಯುವ ಮುಂಚೆ ಬದಲಿ ತರಿಸಿಕೊಳ್ಳಿ.