ಜಪಾನಿನ ಕೋಚಿಯಲ್ಲಿ ಏನು ತಿನ್ನಬೇಕು, ಎಲ್ಲಿ ತಿನ್ನಬೇಕು: ಕರಾವಳಿಯವರಿಗೊಂದು ವಿಮರ್ಶೆ

ಮಂಗಳೂರು, ಉಡುಪಿ ಕಡೆಯಿಂದ ಜಪಾನಿಗೆ ಹೋಗುವವರು ಹೆಚ್ಚಾಗಿ ಟೋಕಿಯೊ, ಒಸಾಕಾ ಸುತ್ತಿ, ಅಲ್ಲೇ ಎಲ್ಲಾದರೂ ಸುಶಿ ತಿಂದು ವಾಪಸಾಗುತ್ತಾರೆ. ಮೀನಿನ ರುಚಿ ಗೊತ್ತಿರುವವರು ಎರಡು ದಿನ ಉಳಿಸಿಕೊಂಡು ಶಿಕೋಕು ದ್ವೀಪದ ಕೋಚಿ ನಗರಕ್ಕೆ ಹೋಗಬೇಕು. ಒಕಾಯಾಮಾದಿಂದ ನಾನ್‌ಪು ಎಕ್ಸ್‌ಪ್ರೆಸ್ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಆ ಎರಡು ದಿನಗಳಲ್ಲಿ ಒಂದು ಭಾನುವಾರ ಬರುವಂತೆ ನೋಡಿಕೊಳ್ಳಿ.

ಅಲ್ಲಿನ ಮುಖ್ಯ ಮೀನು ಕಾತ್ಸುವೊ. ಮಲ್ಪೆಯಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಕೇದರ ಅನ್ನುತ್ತೇವಲ್ಲ, ಅದೇ ಗುಂಪಿನದ್ದು. ಹೊಟ್ಟೆಯ ಮೇಲೆ ಉದ್ದಕ್ಕೆ ಕಪ್ಪು ಗೆರೆ ಇರುವ ಜಾತಿ. ನಮ್ಮಲ್ಲಿ ಅಂಜಲ್, ಕಾಣೆ ಕಣ್ಣಿಗೆ ಬಿದ್ದರೆ ಕೇದರವನ್ನು ಕೇಳುವವರು ಕಡಿಮೆ. ಮಾಂಸದಲ್ಲಿ ರಕ್ತ ಹೆಚ್ಚು, ಪೂರ್ತಿ ಬೆಂದರೆ ಒಣಗಿ ಗಟ್ಟಿಯಾಗುತ್ತದೆ ಅನ್ನುವುದು ದೂರು. ಕೋಚಿಯವರು ಅದನ್ನು ಪೂರ್ತಿ ಬೇಯಿಸುವುದೇ ಇಲ್ಲ. ಜಪಾನಿನ ಮನೆಖರ್ಚಿನ ಸಮೀಕ್ಷೆಯಲ್ಲಿ ಈ ಮೀನಿಗೆ ಅತಿ ಹೆಚ್ಚು ದುಡ್ಡು ಖರ್ಚು ಮಾಡುವ ಊರು ಇದೇ.

ಮೊದಲು ಹೋಗಬೇಕಾದ್ದು ಹಿರೊಮೆ ಮಾರುಕಟ್ಟೆಗೆ. ಕೋಚಿ ಕೋಟೆಯ ಹತ್ತಿರವಿದೆ. ನಗರದ ನಡುವಿನ ಹರಿಮಾಯಾಬಾಶಿಯಿಂದ ಟ್ರಾಮ್ ಹಿಡಿದು ಓಹಾಶಿದೋರಿ ನಿಲ್ದಾಣದಲ್ಲಿ ಇಳಿದರೆ ಕೆಲವೇ ನಿಮಿಷದ ನಡಿಗೆ. 1998ರಲ್ಲಿ ಶುರುವಾದದ್ದು. ಒಂದೇ ಸೂರಿನಡಿ ಸುಮಾರು 60 ಅಂಗಡಿ, ನಡುವೆ ಎಲ್ಲರಿಗೂ ಸೇರಿದ ಉದ್ದ ಮೇಜುಗಳು. ಮೊದಲು ಜಾಗ ಹಿಡಿಯಿರಿ, ಆಮೇಲೆ ಊಟ ತನ್ನಿ. ಬಿಸಿ ತಟ್ಟೆ ಕೈಯಲ್ಲಿ ಹಿಡಿದು ಕುರ್ಚಿ ಹುಡುಕುತ್ತಾ ತಿರುಗಿದರೆ ಮೀನು ತಣಿಯುತ್ತದೆ, ಮತ್ತೆ ಅದಕ್ಕೆ ಬೆಲೆ ಇಲ್ಲ. ಇಬ್ಬರಿದ್ದರೆ ಒಬ್ಬರು ಕೂರಲಿ, ಒಬ್ಬರು ಸಾಲಿನಲ್ಲಿ ನಿಲ್ಲಲಿ. ಅಪರಿಚಿತರ ಪಕ್ಕ ಕೂರುವುದು ಇಲ್ಲಿ ಸಹಜ. ಶನಿವಾರ, ಭಾನುವಾರ ಮಧ್ಯಾಹ್ನ 12ರ ಹೊತ್ತಿಗೆ ಕುರ್ಚಿ ಸಿಗುವುದು ಕಷ್ಟ; ವಾರದ ದಿನ ಮಧ್ಯಾಹ್ನ 3ರ ಸುಮಾರಿಗೆ ಹೋದರೆ ನೆಮ್ಮದಿ.

ಒಳಗೆ ಮ್ಯೋಜಿನ್‌ಮಾರು ಅಂಗಡಿಯಲ್ಲಿ ಬೈಹುಲ್ಲಿನ ಉರಿ ಕಣ್ಣೆದುರೇ ಏಳುತ್ತದೆ. ಕಾತ್ಸುವೊವನ್ನು ಉದ್ದಕ್ಕೆ ಸೀಳಿ ನಡುಮುಳ್ಳು ತೆಗೆದು, ನಾಲ್ಕು ಪಟ್ಟಿ ಮಾಡಿ, ಚರ್ಮ ಹಾಗೇ ಇಟ್ಟು ಜ್ವಾಲೆಗೆ ಹಿಡಿಯುತ್ತಾರೆ. ಒಣಹುಲ್ಲು ಭಗ್ಗನೆ ಹೊತ್ತಿ ಅಷ್ಟೇ ಬೇಗ ಆರುತ್ತದೆ. ಆದ್ದರಿಂದ ಶಾಖ ಹೊರಗಿನ ಪದರಕ್ಕೆ ಮಾತ್ರ ತಾಗುತ್ತದೆ, ಚರ್ಮದಡಿಯ ಕೊಬ್ಬು ಕರಗಿ ಸುಡುತ್ತದೆ, ಹೊಗೆಯ ಪರಿಮಳ ಹಿಡಿಯುತ್ತದೆ. ಒಳಮಾಂಸ ಹಸಿಯಾಗಿಯೇ ಉಳಿಯುತ್ತದೆ. ಕೆಂಡದ ಮೇಲೆ ನಿಧಾನಕ್ಕೆ ಸುಟ್ಟರೆ ಶಾಖ ಒಳಗಿಳಿದು ಮಾಂಸ ಬೆಳ್ಳಗಾಗುತ್ತದೆ. ಗ್ಯಾಸಿನ ಉರಿಯಲ್ಲಿ ಬಣ್ಣವೇನೋ ಬಂದೀತು, ಪರಿಮಳ ಬಾರದು.

ಹೀಗೆ ಹೊರಗಷ್ಟೇ ಸುಟ್ಟ ಮೀನಿಗೆ ತಾತಾಕಿ ಎನ್ನುತ್ತಾರೆ. ಇದರಲ್ಲಿ ಎರಡು ಬಗೆ. ಸೋಯಾ ಮತ್ತು ಹುಳಿಹಣ್ಣಿನ ರಸ ಸೇರಿಸಿದ ಪೊಂಜು ಹಾಕಿದ್ದು ಒಂದು, ಬರೀ ಕಲ್ಲುಪ್ಪು ಹಾಕಿದ್ದು ಇನ್ನೊಂದು. ಕೇಳಬೇಕಾದ್ದು ಉಪ್ಪಿನದ್ದು, ಶಿಯೊ ತಾತಾಕಿ. ಸುಟ್ಟ ಕೂಡಲೇ ದಪ್ಪ ತುಂಡು ಮಾಡಿ, ಬೆಚ್ಚಗಿರುವಾಗಲೇ ಕೊಡುತ್ತಾರೆ. ಜೊತೆಗೆ ಹಸಿ ಬೆಳ್ಳುಳ್ಳಿಯ ತೆಳು ಬಿಲ್ಲೆ, ಈರುಳ್ಳಿ ಸೊಪ್ಪು, ಮೂಗಿಗೇರುವ ಖಾರದ ಹಸಿರು ವಸಾಬಿ. ಒಂದು ತುಂಡಿಗೆ ಒಂದು ಬಿಲ್ಲೆ ಬೆಳ್ಳುಳ್ಳಿ ಇಟ್ಟು ಒಂದೇ ಬಾಯಿಗೆ ಹಾಕಬೇಕು. ಖಾರ ಮಸಾಲೆ ಇಲ್ಲದ ಮೀನು ಸಪ್ಪೆ ಎಂದುಕೊಂಡಿರುವ ನಮ್ಮವರಿಗೆ ಈ ತಟ್ಟೆ ಕೊಡಬೇಕು. ಇಡೀ ಕೋಚಿಯಲ್ಲಿ ಇದಕ್ಕಿಂತ ಒಳ್ಳೆಯ ತಿನಿಸು ಇಲ್ಲ. ಪೊಂಜು ಹೆಚ್ಚಾದರೆ ಹೊಗೆಯ ರುಚಿ ಮುಚ್ಚಿಹೋಗುತ್ತದೆ. ಮೊದಲೇ ಸುಟ್ಟು ಡಬ್ಬಿಗೆ ಹಾಕಿಟ್ಟ ತಣ್ಣನೆಯದನ್ನು ಕೊಳ್ಳಬೇಡಿ, ನೀರು ಬಿಟ್ಟಿರುತ್ತದೆ.

ವಸಂತದಲ್ಲಿ, ಮಾರ್ಚ್‌ನಿಂದ ಮೇವರೆಗೆ, ಕುರೊಶಿಯೊ ಎಂಬ ಸಮುದ್ರ ಪ್ರವಾಹದೊಂದಿಗೆ ಉತ್ತರಕ್ಕೆ ಹೋಗುವ ಮೀನು ಸಿಗುತ್ತದೆ. ಕೊಬ್ಬು ಕಡಿಮೆ, ರುಚಿ ತಿಳಿ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮೇದು ಮರಳುವ ಮೀನಿನಲ್ಲಿ ಕೊಬ್ಬು ತುಂಬಿರುತ್ತದೆ. ಮೊದಲ ಸಲ ಹೋಗುವವರಿಗೆ ಶರತ್ಕಾಲವೇ ಒಳ್ಳೆಯದು. ಉಳಿದ ತಿಂಗಳಲ್ಲಿ ಹೆಪ್ಪುಗಟ್ಟಿಸಿದ್ದನ್ನು ಬಳಸುವ ಅಂಗಡಿಗಳಿವೆ, ಅದನ್ನು ಕೀಳಾಗಿ ಕಾಣಬೇಕಿಲ್ಲ. ಈ ಮೀನಿನಲ್ಲಿ ಅನಿಸಾಕಿಸ್ ಎಂಬ ಪರಾವಲಂಬಿ ಹುಳು ಇರಬಹುದು. ಮೈನಸ್ 20 ಡಿಗ್ರಿಯಲ್ಲಿ 24 ಗಂಟೆ ಇಟ್ಟರೆ ಅದು ಸಾಯುತ್ತದೆ. ವಿನೆಗರ್, ವಸಾಬಿ, ಉಪ್ಪಿಗೆ ಸಾಯುವುದಿಲ್ಲ; ಹೊರಗಷ್ಟೇ ಸುಡುವ ಹುಲ್ಲುರಿ ಒಳಗಿನ ಹುಳುವನ್ನು ಮುಟ್ಟುವುದಿಲ್ಲ. ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಹಸಿ ಮೀನನ್ನು ಬಿಟ್ಟು ಬೇಯಿಸಿದ್ದನ್ನೇ ತಿನ್ನಲಿ.

ಹಿರೊಮೆಯಲ್ಲೇ ಸಿಗುವ ಇತರ ತಿನಿಸುಗಳಲ್ಲಿ ಉತ್ಸುಬೊ, ಅಂದರೆ ಮೊರೆ ಹಾವುಮೀನು, ಹಿಟ್ಟು ಹಚ್ಚಿ ಕರಿದದ್ದು ಚೆನ್ನಾಗಿದೆ; ಚರ್ಮದ ಕೆಳಗೆ ಜಿಗುಟು ಪದರವಿದೆ, ಅದು ಎಲ್ಲರಿಗೂ ಹಿಡಿಸದು. ಶಿಮಾಂತೊ ನದಿಯ ಹಸಿರು ಪಾಚಿಯ ತೆಂಪುರಾ, ಅಂದರೆ ಹಿಟ್ಟಿನಲ್ಲಿ ಅದ್ದಿ ಕರಿದದ್ದು, ಬಿಸಿಯಿದ್ದಾಗ ಗರಿಗರಿ. ಯಾಸುಬೆ ಅಂಗಡಿಯ ಗ್ಯೋಜಾ, ಅಂದರೆ ಹೂರಣ ತುಂಬಿದ ಪುಟ್ಟ ಕಡುಬು, ಹೆಸರುವಾಸಿ, ಆದರೆ ಅದರಲ್ಲಿ ಮಾಂಸವಿದೆ. ಮೀನು ತಿನ್ನಲು ಇಷ್ಟು ದೂರ ಬಂದವರು ಅದರ ಸಾಲಿನಲ್ಲಿ ಹೊತ್ತು ಕಳೆಯಬೇಕಿಲ್ಲ.

ಭಾನುವಾರದ ಸಂತೆ 1690ರಿಂದ ನಡೆದುಬಂದಿದೆ. ಕೋಟೆಯ ಬಾಗಿಲಿಂದ ಓತೆಸುಜಿ ಬೀದಿಯುದ್ದಕ್ಕೆ ಸುಮಾರು ಒಂದು ಕಿಲೋಮೀಟರ್ ಹರಡಿಕೊಳ್ಳುತ್ತದೆ. ಬೆಳಿಗ್ಗೆ 6ರಿಂದ ಮಧ್ಯಾಹ್ನ 3. ತಿಂಡಿ ಬೇಕಿದ್ದರೆ 9ರೊಳಗೆ ಹೋಗಿ, ಒಳ್ಳೆಯದೆಲ್ಲ ಬೇಗ ಖಾಲಿ. ನೋಟು, ಚಿಲ್ಲರೆ ಜೊತೆಗಿರಲಿ. ಜನವರಿ 1, 2 ಮತ್ತು ಆಗಸ್ಟ್‌ನ ಯೊಸಕೊಯಿ ಹಬ್ಬದ ದಿನಗಳಲ್ಲಿ ಸಂತೆ ಇಲ್ಲ.

ಇಲ್ಲಿ ಹುಡುಕಬೇಕಾದ್ದು ಇನಾಕಾಜುಶಿ, ಬೆಟ್ಟದ ಹಳ್ಳಿಗಳ ಸುಶಿ. ಯುಜು ಹಣ್ಣಿನ ಹುಳಿ ಬೆರೆಸಿದ ಅನ್ನದ ಮೇಲೆ ಕಣಿಲೆ, ಶಿಟಾಕೆ ಅಣಬೆ, ಮ್ಯೋಗಾ ಎಂಬ ಶುಂಠಿ ಜಾತಿಯ ಮೊಗ್ಗು, ಕೊನ್ಯಾಕು, ರ್ಯೂಕ್ಯೂ. ಕೊನ್ಯಾಕು ಸುವರ್ಣಗೆಡ್ಡೆಯ ಹತ್ತಿರದ ನೆಂಟನಿಂದ ಮಾಡಿದ್ದು; ರ್ಯೂಕ್ಯೂ ಕೆಸುವಿನ ಜಾತಿಯ ದಂಟು. ಕಣಿಲೆ, ಕೆಸು, ಸುವರ್ಣಗೆಡ್ಡೆ ತಿಂದು ಬೆಳೆದ ತುಳುನಾಡಿನ ನಾಲಿಗೆಗೆ ಇದು ಕೂಡಲೇ ಒಗ್ಗುತ್ತದೆ. ಆದರೆ ಉಡುಪಿಯ ಶುದ್ಧ ಸಸ್ಯಾಹಾರಿಗಳು ಎಚ್ಚರಿಕೆಯಿಂದಿರಬೇಕು. ಮೇಲೆ ತರಕಾರಿಯೇ ಕಂಡರೂ ಅದನ್ನು ಬೇಯಿಸಿದ ನೀರು ಹೆಚ್ಚಾಗಿ ಒಣ ಕಾತ್ಸುವೊದ ಸಾರು, ದಾಶಿ. ಅನ್ನದಲ್ಲಿ ಮೀನಿನ ಚೂರು ಬೆರೆಸುವುದೂ ಉಂಟು. "ಕಾತ್ಸುವೊ ದಾಶಿ ಹೈತ್ತೆ ಇಮಾಸು ಕಾ?" ಎಂದು ಕೇಳಿ, "ಹಾಯ್" ಎಂದರೆ ಇದೆ ಎಂದರ್ಥ. ಹುದುಗಿಸಿದ ಸೋಯಾ ಹಿಟ್ಟಿನ ಮಿಸೊ ಸಾರಿಗೂ ಇದೇ ಪ್ರಶ್ನೆ. ಏನೂ ಖಚಿತವಾಗದಿದ್ದರೆ ಸಂತೆಯ ಹಣ್ಣು ಕೊಂಡು ತೃಪ್ತಿಪಡುವುದೇ ಸರಿ. ಉದ್ದ ಸಾಲಿರುವ ಇಮೊತೆನ್, ಅಂದರೆ ಗೆಣಸಿನ ಪೋಡಿ, ಕೊಳ್ಳುವ ಮೊದಲು ಹಿಟ್ಟಿಗೆ ಮೊಟ್ಟೆ ಹಾಕಿದ್ದಾರೆಯೇ ಎಂದು ವಿಚಾರಿಸಿ.

ಬಂಗುಡೆ ಪ್ರಿಯರಿಗೆ ಅದೇ ಸಂತೆಯಲ್ಲಿ ಸಾಬಾದ ಸುಗಾತಾಜುಶಿ ಇದೆ. ಬಂಗುಡೆಯ ಬಳಗದ ಇಡೀ ಮೀನು, ತಲೆ ಬಾಲ ಸಮೇತ, ಉಪ್ಪು ವಿನೆಗರಿನಲ್ಲಿ ಹದವಾಗಿ, ಹೊಟ್ಟೆಯೊಳಗೆ ಹುಳಿ ಅನ್ನ. ಉಳಿದರೆ ಮರುದಿನ ಕೆಂಡದಲ್ಲಿ ಸುಡುತ್ತಾರೆ, ಹಾಗೆ ತಿಂದರೆ ಇನ್ನೂ ರುಚಿ.

ಊರಿಗೆ ಬಂದ ಮೇಲೆ ಕೇದರ ತಂದು ಬೈಹುಲ್ಲು ಹೊತ್ತಿಸುವ ಆಸೆ ಹುಟ್ಟುವುದು ಖಂಡಿತ. ಈ ಮೀನು ಮಂಜುಗಡ್ಡೆ ಇಲ್ಲದೆ ಬಿಸಿಲಲ್ಲಿ ಕೂತರೆ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಮುಖ ಕೆಂಪೇರುವುದು, ತುರಿಕೆ, ತಲೆನೋವು ಅದರ ಲಕ್ಷಣ. ಆಮೇಲೆ ಎಷ್ಟು ಬೇಯಿಸಿದರೂ ಅದು ಹೋಗದು. ಹಿಡಿದ ಗಳಿಗೆಯಿಂದ ಮಂಜುಗಡ್ಡೆಯಲ್ಲೇ ಇತ್ತು ಎಂದು ಖಾತ್ರಿಯಿರುವ ಮೀನನ್ನಷ್ಟೇ ಆರಿಸಿ. ಹುಲ್ಲಿನಲ್ಲಿ ಸುಟ್ಟು ಪರಿಮಳ ಹಿಡಿಸಿದ ಮೇಲೆ ಕಾವಲಿಯಲ್ಲಿ ಒಳಗಿನವರೆಗೂ ಬೇಯಿಸಿಯೇ ತಿನ್ನಿ.