ಪೈಲಟ್ ಲೈಸೆನ್ಸ್ ಬದಲಾವಣೆ: ಅಮೆರಿಕವಾ, ಯುರೋಪಾ?

ತೋರಣಗಲ್ಲಿನ ವಿಮಾನ ನೋಡಿ ಬೆಳೆದ ನಮ್ಮ ಬಳ್ಳಾರಿ ಹುಡುಗರು ಈಗ ಇಲ್ಲಿನ ಕಮರ್ಷಿಯಲ್ ಲೈಸೆನ್ಸ್ (ಸಂಬಳಕ್ಕೆ ವಿಮಾನ ಹಾರಿಸೋ ಪರವಾನಗಿ) ಪಡೆದು, ಅದನ್ನು ಅಮೆರಿಕ ಇಲ್ಲವೇ ಯುರೋಪಿನ ಲೈಸೆನ್ಸಿಗೆ ಬದಲಾಯಿಸಿಕೊಂಡು ಹೊರಗೆ ಹೋಗ್ಬೇಕು ಅಂತಾರೆ. ಇಲ್ಲಿನ ಲೈಸೆನ್ಸಿಗೆ ಬೇಕಾದ 200 ಗಂಟೆ ಹಾರಾಟ ಮುಗಿಸೋಕೇ ಮನೆಯವರು ಹೊಲ ಅಡ ಇಟ್ಟಿರ್ತಾರೆ. ಅದಕ್ಕೇ ಮುಂದಿನ ಹೆಜ್ಜೆ ನೋಡಿ ಇಡಿ.

ಓದೋ ಹೊರೆ ಅಮೆರಿಕದಲ್ಲಿ ಕಡಿಮೆ. ನಮ್ಮ ಲೈಸೆನ್ಸ್ ಖಚಿತಪಡಿಸಿಕೊಂಡು ಮೊದಲು ಪ್ರೈವೇಟ್ ಸರ್ಟಿಫಿಕೇಟ್ (ಸಂಬಳ ಪಡೆಯದೆ ಹಾರಿಸೋ ಪರವಾನಗಿ) ಕೊಡ್ತಾರೆ, ಕಮರ್ಷಿಯಲ್ ಬೇಕಂದ್ರೆ ಲಿಖಿತ ಪರೀಕ್ಷೆ ಮತ್ತು ಹಾರಾಟ ಪರೀಕ್ಷೆ ಪಾಸಾಗಬೇಕು. ಆದರೆ ಅಲ್ಲಿ ಸಾಮಾನ್ಯವಾಗಿ 250 ಗಂಟೆ ಕೇಳುತ್ತಾರೆ. ದೊಡ್ಡ ಏರ್‌ಲೈನ್ ಸೇರಲು ಹೆಚ್ಚಿನವರಿಗೆ 1500 ಗಂಟೆ ಬೇಕು, ಅದು ಬಹಳ ದೂರದ ಮಾತು ಅಲ್ವಾ?

ಯುರೋಪ್ ಕಥೆಯೇ ಬೇರೆ. ಏರ್‌ಲೈನ್ ದಾರಿ ಹಿಡಿದರೆ 13 ವಿಷಯಗಳ ಪರೀಕ್ಷೆ, ಪ್ರತಿಯೊಂದರಲ್ಲೂ 75 ಶೇಕಡಾ ಅಂಕ, ಮೊದಲ ಪರೀಕ್ಷೆ ಬರೆದ ತಿಂಗಳ ಕೊನೆಯಿಂದ 18 ತಿಂಗಳಲ್ಲಿ ಎಲ್ಲ ಮುಗಿಯಬೇಕು. ಜೊತೆಗೆ ಅಲ್ಲಿನ ಕ್ಲಾಸ್ 1 ಮೆಡಿಕಲ್ (ಕಮರ್ಷಿಯಲ್ ಪೈಲಟ್‌ಗಳ ಆರೋಗ್ಯ ತಪಾಸಣೆ), ಆಮೇಲೆ ಹಾರಾಟ ಪರೀಕ್ಷೆ. ಕಷ್ಟ ನಿಜ. ಪಾಸಾದರೆ ಒಂದೇ ಲೈಸೆನ್ಸ್ ಯುರೋಪಿಯನ್ ಒಕ್ಕೂಟದ 27 ದೇಶಗಳಲ್ಲಿ ನಡೆಯುತ್ತೆ. ಬ್ರಿಟನ್ ಮಾತ್ರ 2021ರಿಂದ ಬೇರೆ.

ಎರಡೂ ಕಡೆ ಒಂದು ಮಾತು ಒಂದೇ: ಲೈಸೆನ್ಸ್ ಅಂದ್ರೆ ಕೆಲಸದ ವೀಸಾ ಅಲ್ಲ. ಇದನ್ನು ಅಪ್ಪ ಅಮ್ಮನಿಗೂ ಮೊದಲೇ ಹೇಳಿ.

ನನ್ನ ಕೇಳಿದ್ರೆ, ಗಂಟೆ ಕಡಿಮೆ ಇದ್ದವರು ಸುಮ್ನೆ ಅವಸರ ಮಾಡದೆ ಇಲ್ಲೇ ಹಾರಿ ಅನುಭವ ಕಟ್ಟಿಕೊಳ್ಳಿ. ಓದೋ ತಾಳ್ಮೆ ಜಾಸ್ತಿ ಇದ್ದರೆ ಯುರೋಪ್ ಪುಸ್ತಕಗಳನ್ನು ಈಗಲೇ ತೆಗೆಯಿರಿ.