ಉಸಿರು, ಜಪ, ನಡಿಗೆ: ಮಳೆಗಾಲದಲ್ಲಿ ಉಳಿದದ್ದು ಯಾವುದು?

ಧ್ಯಾನಕ್ಕೆ ಕೂತರೆ ಮನಸ್ಸು ಶಾಂತವಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಆಗಿದ್ದು ಉಲ್ಟಾ. ದಿನವೆಲ್ಲ ಕೆಲಸದ ಗಡಿಬಿಡಿಯಲ್ಲಿ ಹೇಗೋ ಕಳೆಯುತ್ತಿತ್ತು. ಬೆಳಿಗ್ಗೆ ಐದೂವರೆಗೆ ಚಾಪೆ ಹಾಸಿ ಕಣ್ಣು ಮುಚ್ಚಿದೆನೋ ಇಲ್ಲವೋ, ಎದೆ ಡವಡವ.

ಹಿಂದಿನ ಕತೆ ಸ್ವಲ್ಪ ಹೇಳಿಬಿಡುತ್ತೇನೆ. ನನ್ನ ನೌಕರಿ ಕಾರವಾರದಲ್ಲಿ, ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿ. ಶನಿವಾರ ಹೋಗುವುದು, ಸೋಮವಾರ ಬೆಳಗಿನ ಬಸ್ಸಿಗೆ ಬರುವುದು. 2024ರ ಜುಲೈ 16, ಮಂಗಳವಾರ, ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಕುಸಿಯಿತು. ಹಿಂದಿನ ದಿನ ಅದೇ ಗುಡ್ಡದ ಬುಡದಲ್ಲಿ ನಾನು ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತ ಬಂದಿದ್ದೆ. ಮೂರು ವಾರ ಕಳೆದಿತ್ತಷ್ಟೆ, ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಮುರಿದು ಬಿತ್ತು. ನನ್ನ ಬಾಡಿಗೆ ಮನೆ ಇರುವುದು ಕೋಡಿಬಾಗದಲ್ಲಿ, ಸೇತುವೆಯ ಈಚೆ ದಡ. ನನಗೇನೂ ಆಗಲಿಲ್ಲ, ಮನೆಯವರಿಗೂ ಏನೂ ಆಗಲಿಲ್ಲ. ಆದರೂ ಆಮೇಲೆ ಹಂಚಿನ ಮೇಲೆ ಮಳೆ ಜೋರಾದರೆ ಸಾಕು, ಹೊಟ್ಟೆಯೊಳಗೆ ಏನೋ ಜಾರಿದ ಹಾಗೆ.

ಡಾಕ್ಟರು ಇಸಿಜಿ ಮಾಡಿಸಿದರು, ಥೈರಾಯ್ಡ್ ನೋಡಿದರು. ಎರಡೂ ಸರಿ ಇದ್ದವು. ದಿನಕ್ಕೆ ಎಷ್ಟು ಚಹಾ ಕುಡಿಯುತ್ತೀರಿ ಅಂತ ಕೇಳಿದರು. ಆರು ಅಂದೆ. ಎರಡಕ್ಕೆ ಇಳಿಸಿ, ಧ್ಯಾನ ಗೀನ ಏನಾದರೂ ಮಾಡಿ ಅಂದರು.

ಆ 'ಗೀನ'ದಲ್ಲಿ ಎಷ್ಟೆಲ್ಲ ಇದೆ ಅಂತ ಆಮೇಲೆ ಗೊತ್ತಾಯಿತು. ನಾನು ಲೆಕ್ಕಪತ್ರದ ಕೆಲಸದವನು. ಹಾಗಾಗಿ ಒಂದು ನೋಟುಬುಕ್ಕು ಇಟ್ಟೆ. ಒಂದೊಂದು ವಿಧಾನಕ್ಕೆ ಮೂರು ವಾರ, ದಿನಕ್ಕೆ ಇಪ್ಪತ್ತು ನಿಮಿಷ. ಕೂರುವ ಮುಂಚೆ ಕಳವಳ ಹತ್ತಕ್ಕೆ ಎಷ್ಟು, ಎದ್ದ ಮೇಲೆ ಎಷ್ಟು, ಎರಡೇ ಅಂಕಿ.

ಮೊದಲು ಉಸಿರು. ಎಲ್ಲರೂ ಇದರಿಂದಲೇ ಶುರು ಮಾಡು ಅನ್ನುತ್ತಾರೆ. ಖರ್ಚಿಲ್ಲ, ಸಾಮಾನಿಲ್ಲ. ಮೂಗಿನ ಹೊಳ್ಳೆಯಲ್ಲಿ ಗಾಳಿ ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ಸುಮ್ನೆ ನೋಡುತ್ತಿರಬೇಕು. ಕಷ್ಟವೆಲ್ಲ ಇರುವುದು ಆ 'ಸುಮ್ನೆ'ಯಲ್ಲೇ. ನಾನು ನೋಡತೊಡಗಿದ ಕೂಡಲೇ ಉಸಿರು ತನ್ನಷ್ಟಕ್ಕೆ ಆಡುವುದು ನಿಲ್ಲುತ್ತಿತ್ತು. ಸಾಕಾಗುತ್ತಿಲ್ಲ ಅನ್ನಿಸಿ ದೊಡ್ಡದಾಗಿ ಎಳೆದುಕೊಳ್ಳುತ್ತಿದ್ದೆ. ಇನ್ನೊಂದು, ಮತ್ತೊಂದು. ಐದು ನಿಮಿಷಕ್ಕೆ ಬೆರಳ ತುದಿ ಜುಮ್ಮೆನ್ನುವುದು, ತಲೆ ಹಗುರಾಗುವುದು. ಹೀಗೆ ಜಾಸ್ತಿ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಜುಮ್ಮು ಬರುವುದು ಅದರಿಂದ. ನನಗೆ ಆಗ ಅದು ಗೊತ್ತಿರಲಿಲ್ಲ. ಇದು ಹೃದಯದ್ದೇ ಅಂದುಕೊಂಡು ಇನ್ನೂ ಹೆದರುತ್ತಿದ್ದೆ.

ನೋಟುಬುಕ್ಕಿನಲ್ಲಿ ಇಪ್ಪತ್ತೊಂದು ದಿನಕ್ಕೆ ಹದಿಮೂರು ದಿನ ಎದ್ದ ಮೇಲಿನ ಅಂಕಿಯೇ ದೊಡ್ಡದು. ಇದು ನನ್ನೊಬ್ಬನ ದಡ್ಡತನ ಅಂದುಕೊಂಡಿದ್ದೆ. ಅಲ್ಲ. 1983ರಷ್ಟು ಹಿಂದೆಯೇ ಹೈಡ್ ಮತ್ತು ಬೋರ್ಕೊವೆಕ್ ಅನ್ನುವ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಬರೆದಿಟ್ಟಿದ್ದಾರೆ. ಕಳವಳ ಹೆಚ್ಚಿರುವ ಕೆಲವರಿಗೆ ಮೈಮನ ಸಡಿಲಿಸಲು ಹೊರಟಾಗಲೇ ಕಳವಳ ಏರುತ್ತದಂತೆ. ಓದಿದ ದಿನ ಅರ್ಧ ಭಾರ ಇಳಿಯಿತು.

ಮನಸ್ಸು ಮಂಗ ಅನ್ನುವವರು ಬಹುಶಃ ತೋಟ ಇಲ್ಲದವರು. ಮಂಗ ಬರುವುದು ಬಾಳೆಗೊನೆಗೆ. ಹೊಟ್ಟೆ ತುಂಬಿದರೆ ಹೋಗುತ್ತದೆ. ನನ್ನ ಮನಸ್ಸು ತೋಟ ಕಾಯುವ ನಾಯಿಯ ಹಾಗೆ. ಸೋಗೆ ಬಿದ್ದರೂ ಬೊಗಳುವುದು, ಬಾವಲಿ ಹಾರಿದರೂ ಬೊಗಳುವುದು. ಅದು ತುಂಟತನ ಅಲ್ಲ, ಅದರ ನೌಕರಿ. ಅಂಥ ನಾಯಿಗೆ 'ಸುಮ್ನಿರು' ಅಂತ ಕೂಗಿದರೆ ಇನ್ನೂ ಜಾಸ್ತಿ ಬೊಗಳುತ್ತದೆ ಅಲ್ವಾ?

ಎರಡನೆಯದು ಮೊಬೈಲ್ ಆ್ಯಪ್. ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮೆತ್ತಗಿನ ದನಿಯ ಹೆಂಗಸು ಇಂಗ್ಲಿಷಿನಲ್ಲಿ ಹೇಳಿಕೊಡುತ್ತಾಳೆ, ಹಿಂದೆ 'ಮನಸ್ಸಿಗೆ ಹಿತವಾದ' ಸದ್ದು. ನನಗೆ ಬಂದ ಸದ್ದು ಯಾವುದು ಗೊತ್ತಾ? ಮಳೆಯದು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ, ಅದೂ ಗುಡ್ಡ ಕುಸಿದ ವರ್ಷ, ದುಡ್ಡು ಕೊಟ್ಟು ಮಳೆಯ ಸದ್ದು ಕೇಳುವುದು! ಸದ್ದು ಬದಲಾಯಿಸಬಹುದಿತ್ತು, ಬದಲಾಯಿಸಿದೆ. ನಿದ್ದೆ ಬರಿಸುವುದಕ್ಕೆ ಪರವಾಗಿಲ್ಲ. ಆದರೆ ಫೋನು ಕೈಯಲ್ಲಿದ್ದರೆ ನಾನು ಹವಾಮಾನದ ಎಚ್ಚರಿಕೆ ನೋಡದೆ ಇಡುವವನಲ್ಲ. ರೆಡ್ ಅಲರ್ಟ್ ನೋಡಿ ಮಾಡಿದ ಧ್ಯಾನ ಹೇಗಿರಬಹುದು ಯೋಚಿಸಿ.

ಮೂರನೆಯದಕ್ಕೆ ನಾನು ಹೋದದ್ದು ಅರೆಮನಸ್ಸಿನಿಂದ. ಜಪ ಅಂದರೆ ಅಜ್ಜಿಯರ ಕೆಲಸ ಅಂತ ತಲೆಯಲ್ಲಿತ್ತು. ಮನೆಯಲ್ಲಿ ಅಜ್ಜಿಯ ರುದ್ರಾಕ್ಷಿ ಮಾಲೆ ಇತ್ತು. 108 ಮಣಿ, ಜೊತೆಗೆ ಸುತ್ತು ಮುಗಿಯುವಲ್ಲಿ ಒಂದು ಮಣಿ, ಅದೇ ಮೇರು. ಮೇರು ದಾಟಬಾರದು, ಅಲ್ಲಿಂದ ಹಿಂದೆ ತಿರುಗಬೇಕು. ಒಂದು ಮಣಿಗೆ ಒಂದು 'ಓಂ ನಮಃ ಶಿವಾಯ', ನಾಲ್ಕು ಸೆಕೆಂಡು ಅಂದುಕೊಳ್ಳಿ. ಒಂದು ಸುತ್ತಿಗೆ ಏಳು ನಿಮಿಷದ ಮೇಲೆ ಸ್ವಲ್ಪ. ಮೂರು ಸುತ್ತು ಹಾಕಿದರೆ ಇಪ್ಪತ್ತು ನಿಮಿಷದ ಲೆಕ್ಕ ಸರಿಹೋಗುತ್ತದೆ.

ಜಪದಲ್ಲಿ ಮೂರು ಬಗೆ ಹೇಳುತ್ತಾರೆ. ಕೇಳುವ ಹಾಗೆ ಹೇಳುವುದು ವಾಚಿಕ, ತುಟಿ ಮಾತ್ರ ಅಲ್ಲಾಡಿದರೆ ಉಪಾಂಶು, ಮನಸ್ಸಿನಲ್ಲೇ ಆದರೆ ಮಾನಸ. ಮಾನಸವೇ ಎಲ್ಲಕ್ಕಿಂತ ಮೇಲು ಎನ್ನುವುದು ಹಿರಿಯರ ಮಾತು. ನಾನು ಓದಿದವನಲ್ವಾ, ನೇರವಾಗಿ ಮೇಲಿನದಕ್ಕೇ ಕೈ ಹಾಕಿದೆ. ಮನಸ್ಸಿನಲ್ಲಿ ನಮಃ ಶಿವಾಯ, ಅದೇ ಮನಸ್ಸಿನಲ್ಲಿ ಶಿರೂರು. ಮಣಿ ಮಾತ್ರ ತನ್ನಷ್ಟಕ್ಕೆ ಉರುಳುತ್ತಿತ್ತು. ಒಂದು ವಾರ ಹೀಗೇ ಹೋಯಿತು. ಆಮೇಲೆ ನಾಚಿಕೆ ಬಿಟ್ಟು ಬಾಯಿಬಿಟ್ಟು ಹೇಳಿದೆ. ಆಗ ಬೇರೆಯೇ ಆಯಿತು. ಬಾಯಿಗೆ ಕೆಲಸ, ಕಿವಿಗೆ ಕೆಲಸ, ಬೆರಳಿಗೆ ಕೆಲಸ. ನಾಯಿಗೆ ಬೊಗಳಲು ಪುರುಸೊತ್ತಿಲ್ಲ. ಇನ್ನೂ ಒಂದು ವಿಷಯ ಇದೆ. ಮಂತ್ರ ಹೇಳುವಾಗ ಗಾಳಿ ಹೊರಗೆ ಹೋಗುತ್ತಲೇ ಇರುತ್ತದೆ. ಉಸಿರು ಹೊರಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ. ಉಸಿರನ್ನು ನೋಡದೆಯೇ ಉಸಿರು ಉದ್ದವಾಯಿತು. ಮೂರು ವಾರ ನೋಡಿ ನೋಡಿ ಆಗದಿದ್ದದ್ದು ಇಲ್ಲಿ ಕೇಳದೇ ಆಗಿತ್ತು. ಮೂರನೇ ವಾರದ ಅಂಕಿ ಆರರಿಂದ ಮೂರು, ಕೆಲವು ದಿನ ನಾಲ್ಕು.

ಹಿರಿಯರ ಮಾತು ತಪ್ಪು ಅನ್ನುತ್ತಿಲ್ಲ. ಮೇಲಿನ ಮೆಟ್ಟಿಲು ಮೇಲೇ ಇರಲಿ. ನಾನು ಅಂಗಳದಲ್ಲಿ ನಿಂತಿದ್ದೆ, ಅಷ್ಟೆ.

ನಾಲ್ಕನೆಯದು ಪಟ್ಟಿಯಲ್ಲೇ ಇರಲಿಲ್ಲ. ಅಡಿಕೆಗೊನೆ ಕೊಯ್ಲಿಗೆ ರಜೆ ಹಾಕಿ ಊರಿಗೆ ಹೋಗಿದ್ದೆ. ಜಗಲಿಯಲ್ಲಿ ಹಸಿ ಅಡಿಕೆಯ ರಾಶಿ, ಮೆಟ್ಟುಗತ್ತಿ ಹಿಡಿದು ಕೂತ ಏಳೆಂಟು ಜನ. ನಾನೂ ಕೂತೆ. ಅಡಿಕೆ ಕತ್ತಿಗೆ ಒತ್ತಬೇಕು, ತಿರುಗಿಸಬೇಕು, ಸಿಪ್ಪೆ ಬಿಡಿಸಬೇಕು, ಬುಟ್ಟಿಗೆ ಎಸೆಯಬೇಕು. ಗಮನ ತಪ್ಪಿದರೆ ಹೆಬ್ಬೆರಳು ಹೋಯಿತು. ಎರಡು ತಾಸಾದ ಮೇಲೆ ಚಹಾ ಬಂತು. ಆಗ ಹೊಳೆಯಿತು, ಎರಡು ತಾಸು ನನಗೆ ಕಳವಳದ ನೆನಪೇ ಆಗಿರಲಿಲ್ಲ. ಆ ದಿನದ ಅಂಕಿ ಒಂದು. ಇಡೀ ನೋಟುಬುಕ್ಕಿನಲ್ಲಿ ಅಷ್ಟು ಸಣ್ಣದು ಮತ್ತೊಂದಿಲ್ಲ.

ಹಾಗಾದರೆ ಅಡಿಕೆ ಸುಲಿತವೇ ಗೆದ್ದಿತಾ? ಆಸೆಯಿಂದ ಹಾಗೇ ಬರೆಯಲು ಹೊರಟಿದ್ದೆ. ಆದರೆ ರಾತ್ರಿ ಹಾಸಿಗೆಗೆ ಬಿದ್ದಾಗ ಎದೆ ಮತ್ತೆ ಹೊಡೆದುಕೊಂಡಿತು. ಕೈ ನಿಂತಿತು, ಅದು ಶುರುವಾಯಿತು. ಅಡಿಕೆ ಸುಲಿಯುವುದು ಭಯವನ್ನು ಬದಿಗೆ ಸರಿಸಿತೇ ಹೊರತು ಅದರ ಜೊತೆ ಕೂರಲು ಕಲಿಸಲಿಲ್ಲ. ಮೇಲಾಗಿ ಕಾರವಾರದ ಬಾಡಿಗೆ ಮನೆಗೆ ಅಡಿಕೆ ಎಲ್ಲಿಂದ ತರಲಿ? ಆದರೂ ಒಂದು ಗೊತ್ತಾಯಿತು. ನನಗೆ ಬೇಕಾದದ್ದು ಕೆಲಸ ಕೊಡುವ ಧ್ಯಾನ.

ಅದಕ್ಕೇ ಐದನೆಯದು, ನಡಿಗೆ. ಜನವರಿಯಿಂದ ಬೆಳಿಗ್ಗೆ ಟಾಗೋರ್ ಕಡಲತೀರಕ್ಕೆ ಹೋಗತೊಡಗಿದೆ. ಚಪ್ಪಲಿ ಕೈಯಲ್ಲಿ, ಇಳಿತದ ಹೊತ್ತಿನ ಗಟ್ಟಿ ಮರಳು. ಹಿಮ್ಮಡಿ ತಾಗಿತು, ಅಂಗಾಲು ತಾಗಿತು, ಬೆರಳು ಎದ್ದಿತು. ಇಷ್ಟೇ ಗಮನಿಸುವುದು. ಇಪ್ಪತ್ತು ಹೆಜ್ಜೆ ಹೋಗಿ ತಿರುಗುವುದು. ಬೌದ್ಧರಲ್ಲಿ ಇದಕ್ಕೆ ಚಂಕ್ರಮಣ ಅನ್ನುತ್ತಾರೆ, ಹಳೆಯ ಪದ್ಧತಿ. ನೋಡುವವರಿಗೆ ಏನೋ ಕಳೆದುಕೊಂಡು ಹುಡುಕುವವನ ಹಾಗೆ ಕಾಣುತ್ತದೆ. ಬಲೆ ಎಳೆಯುತ್ತಿದ್ದವರಲ್ಲಿ ಒಬ್ಬರು ಮೂರನೇ ದಿನ ಕೇಳಿಯೇ ಬಿಟ್ಟರು, ಉಂಗುರವಾ, ಸರವಾ ಅಂತ.

ಮೊದಮೊದಲು ಅಲೆಯ ತಾಳಕ್ಕೆ ಉಸಿರಾಡಲು ನೋಡಿದೆ. ಕೇಳಲು ಚಂದ, ಮಾಡಲು ಆಗದ ಕೆಲಸ. ಅಲೆ ಒಂದೇ ಲಯದಲ್ಲಿ ಬರುವುದಿಲ್ಲ. ಮೂರು ಸಣ್ಣದು, ಆಮೇಲೆ ಕಾಯಿಸಿ ಕಾಯಿಸಿ ಒಂದು ದೊಡ್ಡದು. ಅಲೆಯನ್ನು ಅದರ ಪಾಡಿಗೆ ಬಿಟ್ಟು ಕಾಲು ನೋಡುವುದೇ ಸರಿ.

ನಡಿಗೆಯ ಒಳ್ಳೆಯ ಗುಣ ಏನೆಂದರೆ ಕಣ್ಣು ತೆರೆದಿರುತ್ತದೆ. ಕಣ್ಣು ಮುಚ್ಚಿದರೆ ತಾನೇ ನನಗೆ ಗುಡ್ಡ ಕಾಣುತ್ತಿದ್ದದ್ದು? ತೆರೆದ ಕಣ್ಣಿಗೆ ಕಾಣುವುದು ಕೂರ್ಮಗಡ ದ್ವೀಪ, ಮೀನು ಹುಡುಕುವ ಗರುಡ. ಟಾಗೋರ್ ಇಪ್ಪತ್ತರ ಹರೆಯದಲ್ಲಿ ಇಲ್ಲಿ ಇದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. ಇಲ್ಲಿದ್ದಾಗ ಬರೆದ ನಾಟಕದಲ್ಲಿ ಒಬ್ಬ ಸನ್ಯಾಸಿ ಬರುತ್ತಾನೆ. ಲೋಕದ ಹಂಗೇ ಬೇಡ ಅಂತ ಎಲ್ಲ ಕಡಿದುಕೊಂಡವನು. ಕೊನೆಗೆ ಒಬ್ಬಳು ಪುಟ್ಟ ಹುಡುಗಿ ಅವನನ್ನು ಲೋಕಕ್ಕೆ ವಾಪಸ್ ಎಳೆಯುತ್ತಾಳೆ. ಈ ತೀರದಲ್ಲಿ ಕಣ್ಣು ಬಿಟ್ಟುಕೊಂಡು ನಡೆಯುವಾಗ ಆ ಸನ್ಯಾಸಿ ನೆನಪಾಗಿ ನಗು ಬರುತ್ತಿತ್ತು.

ನಡಿಗೆಯಲ್ಲಿ ಅಂಕಿ ಐದರಿಂದ ಎರಡಕ್ಕೆ ಇಳಿಯಿತು. ಜಪಕ್ಕಿಂತ ಮುಂದೆ. ಬೇಸಿಗೆಯಲ್ಲಿ ಕೇಳಿದ್ದರೆ ಕಣ್ಣು ಮುಚ್ಚಿ ನಡಿಗೆಗೇ ವೋಟು ಹಾಕುತ್ತಿದ್ದೆ.

ಭ್ರಾಮರಿಯನ್ನೂ ನೋಡಿದೆ. ಕಿವಿ ಮುಚ್ಚಿ ದುಂಬಿಯ ಹಾಗೆ ಗುಂಯ್ ಅನ್ನುವುದು. ಐದೇ ನಿಮಿಷ ಸಾಕು, ಎದೆ ಹೊಡೆದುಕೊಳ್ಳುವಾಗ ತಕ್ಷಣಕ್ಕೆ ಇದರಷ್ಟು ಬೇಗ ಬೇರೆ ಯಾವುದೂ ಇಳಿಸಲಿಲ್ಲ. ತೊಂದರೆ ಇಷ್ಟೇ, ಪಕ್ಕದ ಮನೆಯವರು ಇಷ್ಟು ಬೇಗ ಮಿಕ್ಸರ್ ಹಾಕುತ್ತೀರಲ್ಲ ಅಂದರು. ಹತ್ತು ದಿನದ ವಿಪಸ್ಸನಾ ಶಿಬಿರಕ್ಕೆ ನಾನು ಹೋಗಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಏಳಬೇಕು, ದಿನಕ್ಕೆ ಹತ್ತು ತಾಸಿನಷ್ಟು ಕೂರಬೇಕು, ಮಾತಿಲ್ಲ. ಇಪ್ಪತ್ತು ನಿಮಿಷಕ್ಕೆ ಬೆವರುವವನು ಹತ್ತು ತಾಸು ಏನು ಮಾಡಲಿ? ಮಾಡದ್ದರ ಬಗ್ಗೆ ಮಾತು ಬೇಡ.

ನಿಜವಾದ ಪರೀಕ್ಷೆ 2025ರ ಮಳೆಗಾಲ. ಜೂನ್ ಬಂತು, ಸಮುದ್ರ ಮೇಲೇರಿತು. ಗಟ್ಟಿ ಮರಳೂ ಇಲ್ಲ, ಇಪ್ಪತ್ತು ಹೆಜ್ಜೆಯೂ ಇಲ್ಲ. ಕೋಣೆಯೊಳಗೆ ನಡೆದರೆ ಏಳು ಹೆಜ್ಜೆಗೆ ಗೋಡೆ. ಕೊಡೆ ಹಿಡಿದು ನಡೆದೆ, ಗಾಳಿಗೆ ಕೊಡೆ ಮಗುಚಿತು. ಯಾವಾಗ ಜಾಸ್ತಿ ಬೇಕಿತ್ತೋ ಆಗಲೇ ನಡಿಗೆ ಕೈಕೊಟ್ಟಿತು. ನಿಂತದ್ದು ಜಪ. ಅದಕ್ಕೆ ಹವಾಮಾನ ಇಲ್ಲ, ಜಾಗ ಬೇಡ, ಕರೆಂಟು ಹೋದರೂ ನಡೆಯುತ್ತದೆ. ಮಳೆ ಜೋರಾದರೆ ನಾನೂ ದನಿ ಜೋರು ಮಾಡುತ್ತೇನೆ.

ಈಗ ಹೀಗಿದೆ. ಮಳೆಗಾಲದಲ್ಲಿ ಎರಡು ಸುತ್ತು ಜಪ. ಅದಾದ ಮೇಲೆ ಐದು ನಿಮಿಷ ಉಸಿರು. ಹೌದು, ಅದೇ ಉಸಿರು. ನಾಯಿ ಓಡಾಡಿ ದಣಿದ ಮೇಲೆ ಕಾಲ ಬುಡದಲ್ಲಿ ಬಂದು ಮಲಗುತ್ತದಲ್ಲ, ಆಗ ಉಸಿರು ನೋಡಲು ಬರುತ್ತದೆ. ಮೊದಲೇ ನೋಡಲು ಹೋದದ್ದೇ ನನ್ನ ತಪ್ಪಾಗಿತ್ತು. ಉಸಿರಿನಿಂದ ಮನಸ್ಸು ಜಾರಿದರೆ ಈಗ ಸಿಟ್ಟು ಬರುವುದಿಲ್ಲ. 2010ರಲ್ಲಿ ಹಾರ್ವರ್ಡ್‌ನವರು 2250 ಜನರನ್ನು ದಿನದ ನಡುನಡುವೆ ಫೋನಿನಲ್ಲಿ ಕೇಳಿ ನೋಡಿದ್ದರು. ಕೇಳಿದಾಗಲೆಲ್ಲ ಸುಮಾರು ಅರ್ಧಕ್ಕರ್ಧ ಸಲ ಅವರ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲೇ ಇಲ್ಲ. ಊರಿಗೇ ಇರುವ ರೋಗ ಅಂದ ಮೇಲೆ ನಾನೊಬ್ಬ ಯಾಕೆ ಬೈದುಕೊಳ್ಳಲಿ?

ಬೇಸಿಗೆಯಲ್ಲಿ ಕಡಲತೀರ. ಎದೆ ತೀರಾ ಹೊಡೆದುಕೊಂಡರೆ ಭ್ರಾಮರಿ, ಹೊತ್ತು ನೋಡಿಕೊಂಡು. ಒಂದು ಮಾತು: ಅಂಕಿ ವಾರಗಟ್ಟಲೆ ಏಳೆಂಟರಲ್ಲೇ ನಿಂತರೆ, ನಿದ್ದೆ ಊಟ ಬಿಟ್ಟುಹೋದರೆ, ಮಾಲೆ ಕೆಳಗಿಟ್ಟು ಡಾಕ್ಟರ ಹತ್ತಿರ ಹೋಗಿ. 14416ಕ್ಕೆ ಫೋನ್ ಮಾಡಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡಿಲ್ಲ.

ಮೊನ್ನೆ ಸೋಮವಾರದ ಬಸ್ಸಿನಲ್ಲಿ, ಶಿರೂರಿನ ಗುಡ್ಡ ಹತ್ತಿರ ಬರುವಾಗ, ಹೆಬ್ಬೆರಳಿನಿಂದ ಬೆರಳ ಗೆಣ್ಣು ಎಣಿಸುತ್ತ ತುಟಿಯಲ್ಲೇ ಜಪ ಮಾಡುತ್ತಿದ್ದೆ. ಕಿಟಕಿ ಬದಿಯ ಅಜ್ಜಿ ನನ್ನ ಕೈ ನೋಡಿದರು.

"ಎಷ್ಟಾಯ್ತು?"

"ಅರವತ್ತು."

"ನಂದು ಕುಮಟೆ ಬಿಟ್ಟಾಗಿಂದ. ಎರಡು ಸುತ್ತಾಯ್ತು" ಅಂದು, ಸೆರಗಿನೊಳಗಿದ್ದ ಕೈ ತೆಗೆದು ತೋರಿಸಿದರು.